ರಿಮೋಟ್ ಹೆಲಿಕಾಪ್ಟರ್ ಗಿರಕಿ ಹೊಡೆಯುವುದೇಕೆ? ಬಾಲಕ್ಕೆ ತೂಕ ಕಟ್ಟುವ ಮುನ್ನ ಇದನ್ನು ಓದಿ

ಮೇಲುಕೋಟೆಯ ವೈರಮುಡಿ ಇರಲಿ, ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆ ಇರಲಿ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಜಾತ್ರೆ ಇರಲಿ, ಆಟಿಕೆ ಅಂಗಡಿಗಳ ಸಾಲಿನಲ್ಲಿ ಈಗ ಪೀಪಿ, ಬಲೂನಿನ ಜೊತೆ ರಿಮೋಟ್ ಹೆಲಿಕಾಪ್ಟರ್ ಕೂಡ ಕಾಣುತ್ತದೆ. ಆನ್‌ಲೈನಿನಲ್ಲಿ ತರಿಸಿಕೊಳ್ಳುವವರೂ ಕಡಿಮೆಯಿಲ್ಲ. ಮನೆಗೆ ತಂದ ಮೊದಲ ದಿನ ಚೆನ್ನಾಗಿ ಹಾರಿದ ಹೆಲಿಕಾಪ್ಟರ್, ನಾಲ್ಕು ದಿನ ಕಳೆಯುವಷ್ಟರಲ್ಲಿ ಮೇಲೇಳುತ್ತಿದ್ದಂತೆಯೇ ಬಾಲ ತಿರುಗಿಸಿಕೊಂಡು ಗಿರಕಿ ಹೊಡೆಯಲು ಶುರು ಮಾಡುತ್ತದೆ. ಆಗ ವಾಟ್ಸಾಪ್ ಗುಂಪಿನಲ್ಲಿ, ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಸಲಹೆಗಳ ಮಳೆ: ಬಾಲಕ್ಕೆ ತೂಕ ಕಟ್ಟಿ, ಅಯಸ್ಕಾಂತ ಅಂಟಿಸಿ, ಹಿಂದಿನ ಮೋಟಾರ್ ಬದಲಿಸಿ, ದೊಡ್ಡ ಬ್ಯಾಟರಿ ಹಾಕಿ.

ಇವುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ? ಇದು ಆಟಿಕೆಯ ವಿಷಯ ಮಾತ್ರ ಅಲ್ಲ. ತಪ್ಪು ಸಲಹೆಯಿಂದ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಬ್ಯಾಟರಿ ಹೊತ್ತಿಕೊಳ್ಳುತ್ತದೆ, ದೊಡ್ಡ ಮಾದರಿಯಾದರೆ ಪ್ರಾಣಕ್ಕೇ ಅಪಾಯ. ಗದ್ದೆಯ ಮೇಲೆ ಔಷಧಿ ಹೊಡೆಯುವ ಡ್ರೋನ್‌ಗಳೂ ಇದೇ ಲೆಕ್ಕಾಚಾರದ ಮೇಲೆ ಹಾರುತ್ತವೆ. ಹಾಗಾಗಿ ಬುಡದಿಂದಲೇ ನೋಡೋಣ.

ಸಂಕ್ಷಿಪ್ತವಾಗಿ

- ಹೆಲಿಕಾಪ್ಟರ್ ಗಿರಕಿ ಹೊಡೆಯುವುದು ಅದರ ಸಹಜ ಗುಣ. ಅದನ್ನು ತಡೆಯಲು ಒಂದು ವ್ಯವಸ್ಥೆ ಇರುತ್ತದೆ. ಆ ವ್ಯವಸ್ಥೆ ಸೋತಾಗ ಗಿರಕಿ ಕಾಣಿಸಿಕೊಳ್ಳುತ್ತದೆ.
- ಬಾಲಕ್ಕೆ ತೂಕ ಕಟ್ಟುವುದು, ಅಯಸ್ಕಾಂತ ಅಂಟಿಸುವುದು ಪರಿಹಾರವಲ್ಲ.
- ಅಗ್ಗದ ಜೋಡಿ ರೆಕ್ಕೆಯ ಆಟಿಕೆಗಳಲ್ಲಿ ಹಿಂದಿನ ಪುಟ್ಟ ಫ್ಯಾನಿಗೂ ಗಿರಕಿಗೂ ಸಂಬಂಧವೇ ಇಲ್ಲ.
- ಯಾವ ಕಡೆಗೆ ತಿರುಗುತ್ತಿದೆ ಎಂಬುದನ್ನು ಗಮನಿಸಿದರೆ ಅರ್ಧ ದೋಷ ಅಲ್ಲೇ ಸಿಕ್ಕಿಬೀಳುತ್ತದೆ.

ಹೆಲಿಕಾಪ್ಟರ್ ಯಾಕೆ ತಿರುಗಲು ನೋಡುತ್ತದೆ?

ಗೋಡೆಗೆ ತೂತು ಕೊರೆಯುವ ಡ್ರಿಲ್ ಯಂತ್ರ ಹಿಡಿದವರಿಗೆ ಇದು ಗೊತ್ತು. ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡ ಕೂಡಲೇ ಯಂತ್ರ ನಮ್ಮ ಮಣಿಕಟ್ಟನ್ನೇ ಎದುರು ದಿಕ್ಕಿಗೆ ತಿರುಚುತ್ತದೆ. ಮೋಟಾರ್ ಒಂದು ವಸ್ತುವನ್ನು ಒಂದು ಕಡೆಗೆ ತಿರುಗಿಸಿದರೆ, ಆ ವಸ್ತು ಮೋಟಾರನ್ನು ಅಷ್ಟೇ ಬಲದಿಂದ ಇನ್ನೊಂದು ಕಡೆಗೆ ತಿರುಗಿಸಲು ನೋಡುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ ಇದೇ.

ಹೆಲಿಕಾಪ್ಟರ್ ನೆಲದ ಮೇಲಿರುವಾಗ ಕಾಲುಗಳು ನೆಲವನ್ನು ಹಿಡಿದುಕೊಂಡಿರುತ್ತವೆ. ಗಾಳಿಗೆ ಎದ್ದ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ಮೇಲಿನ ದೊಡ್ಡ ರೆಕ್ಕೆ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಹೆಲಿಕಾಪ್ಟರಿನ ಮೈ ಅದಕ್ಕೆ ವಿರುದ್ಧವಾಗಿ ತಿರುಗಲು ಹವಣಿಸುತ್ತದೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಹರಿಗೋಲು ಹತ್ತಿದವರು ಇದಕ್ಕೆ ಹತ್ತಿರದ ಅನುಭವ ಪಡೆದಿರುತ್ತಾರೆ. ದುಂಡಗಿನ ಹರಿಗೋಲಿಗೆ ದಿಕ್ಕು ಹಿಡಿದಿಡುವ ಮೂತಿಯೂ ಇಲ್ಲ, ಬಾಲವೂ ಇಲ್ಲ. ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಿದರೆ ಮುಂದೆ ಹೋಗುವ ಬದಲು ಇದ್ದಲ್ಲೇ ಬುಗುರಿಯಾಗುತ್ತದೆ. ಅಂಬಿಗ ಪ್ರತಿ ಹುಟ್ಟಿನಲ್ಲೂ ಆ ತಿರುಗುವಿಕೆಯನ್ನು ಸರಿದೂಗಿಸುತ್ತಲೇ ಇರಬೇಕು.

ಹೆಲಿಕಾಪ್ಟರಿನಲ್ಲಿ ಆ ಅಂಬಿಗನ ಕೆಲಸ ಮಾಡುವುದು ಬಾಲದ ಫ್ಯಾನು. ಅದು ಹೆಲಿಕಾಪ್ಟರನ್ನು ಮುಂದಕ್ಕೆ ತಳ್ಳುವುದಿಲ್ಲ. ದೋಣಿಯ ಹಿಂದಿನ ಫ್ಯಾನಿನಂತೆ ಎಂದು ಹಲವರು ತಿಳಿದಿರುವುದು ತಪ್ಪು. ಅದು ಬಾಲವನ್ನು ಅಡ್ಡಡ್ಡ ತಳ್ಳಿ, ಮೈ ತಿರುಗದಂತೆ ಹಿಡಿದಿಡುತ್ತದೆ. ಇಗೋರ್ ಸಿಕೋರ್‌ಸ್ಕಿ ಅಮೆರಿಕದಲ್ಲಿ 1939ರ ಸೆಪ್ಟೆಂಬರ್‌ನಲ್ಲಿ ನೆಲದಿಂದೆತ್ತಿದ ವಿಎಸ್-300 ಎಂಬ ಹೆಲಿಕಾಪ್ಟರ್ ಮೇಲೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕ ಫ್ಯಾನು ಎಂಬ ಮಾದರಿಯನ್ನು ಗಟ್ಟಿಗೊಳಿಸಿತು.

ಬೇರೆ ದಾರಿಗಳೂ ಇವೆ. ನಮ್ಮ ವಾಯುಪಡೆಗೆ 2019ರಲ್ಲಿ ಸೇರಿದ ಚಿನೂಕ್‌ಗೆ ಹಿಂದೆ ಮುಂದೆ ಎರಡು ದೊಡ್ಡ ರೆಕ್ಕೆಗಳು, ಎದುರುಬದುರು ದಿಕ್ಕಿನಲ್ಲಿ ತಿರುಗುತ್ತವೆ. ನೌಕಾಪಡೆಯ ಕಾಮೋವ್ ಹೆಲಿಕಾಪ್ಟರ್‌ಗಳಲ್ಲಿ ಒಂದೇ ಕಂಬದ ಮೇಲೆ ಎರಡು ರೆಕ್ಕೆಗಳು, ಒಂದರ ಮೇಲೊಂದು. ಒಂದರ ತಿರುಚುವಿಕೆಯನ್ನು ಇನ್ನೊಂದು ಕಳೆಯುತ್ತದೆ. ಡ್ರೋನ್‌ನ ನಾಲ್ಕು ಫ್ಯಾನುಗಳಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗುವುದೂ ಇದೇ ಕಾರಣಕ್ಕೆ.

ನಮ್ಮ ಕಡೆಗೆ ಈ ವಿಷಯ ದೂರದ್ದೇನಲ್ಲ. ನಾಗಮಂಗಲದ ಗಡಿ ದಾಟಿ ತುಮಕೂರು ಜಿಲ್ಲೆಗೆ ಹೋದರೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಅದು 615 ಎಕರೆಯಲ್ಲಿ ಹರಡಿದೆ. ಎಚ್‌ಎಎಲ್ ದಶಕಗಳಿಂದ ಕಟ್ಟಿದ ಚೇತಕ್ ಮತ್ತು ಚೀತಾ ಫ್ರೆಂಚ್ ಮೂಲದವು. ಅವುಗಳ ರೆಕ್ಕೆ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಉಲ್ಟಾ. ದಿಕ್ಕು ಯಾವುದಾದರೂ ಇರಲಿ, ಬಾಲದ ಫ್ಯಾನು ಅದಕ್ಕೆ ತಕ್ಕಂತೆ ತಳ್ಳಬೇಕು ಅಷ್ಟೆ.

ಹೇಳಿಕೆ 1: ಬಾಲಕ್ಕೆ ತೂಕ ಅಥವಾ ರಿಬ್ಬನ್ ಕಟ್ಟಿದರೆ ಸರಿಹೋಗುತ್ತದೆ

ವಾಸ್ತವ: ಇಲ್ಲ. ಈ ನಂಬಿಕೆ ಎಲ್ಲಿಂದ ಬಂತು ಎಂಬುದು ಮಾತ್ರ ಸ್ವಾರಸ್ಯಕರ. ಆಷಾಢದ ಗಾಳಿಯಲ್ಲಿ ಗಾಳಿಪಟ ಬಿಟ್ಟವರೆಲ್ಲರಿಗೂ ಗೊತ್ತು, ಪಟ ಗೋತಾ ಹೊಡೆದರೆ ಬಾಲಂಗೋಚಿ ಉದ್ದ ಮಾಡಬೇಕು. ಹಳೆ ಬಟ್ಟೆಯ ಚೂರು ಕಟ್ಟಿದ ಕೂಡಲೇ ಪಟ ನೆಟ್ಟಗೆ ನಿಲ್ಲುತ್ತದೆ. ಆ ಅನುಭವ ಸುಳ್ಳಲ್ಲ. ಗಾಳಿ ಪಟವನ್ನು ದಾಟಿ ಹೋಗುವಾಗ ಬಾಲಂಗೋಚಿಯನ್ನು ಹಿಂದಕ್ಕೆ ಎಳೆಯುತ್ತದೆ, ಆ ಎಳೆತ ಪಟವನ್ನು ನೇರ ಮಾಡುತ್ತದೆ.

ಶ್ರೀರಂಗಪಟ್ಟಣದ ಇತಿಹಾಸದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳು ಕಬ್ಬಿಣದ ಕೊಳವೆಗೆ ಉದ್ದದ ಬಿದಿರು ಕಟ್ಟಿದವು. ಆ ಬಿದಿರೇ ರಾಕೆಟ್ಟಿನ ಬಾಲಂಗೋಚಿ. ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಬಿದಿರನ್ನು ಕೊಳವೆಯ ಮಗ್ಗುಲಿಗೆ ಕಟ್ಟಿದಾಗ ತೂಕ ಒಂದು ಕಡೆ, ತಳ್ಳುವ ಬೆಂಕಿ ಇನ್ನೊಂದು ಕಡೆ ಆಗುವುದರಿಂದ ರಾಕೆಟ್ ವಾಲುವ ಸಾಧ್ಯತೆ ಇರುತ್ತದೆ. ಮೈಸೂರು ರಾಕೆಟ್‌ಗಳಿಂದ ಕಲಿತು ಇಂಗ್ಲೆಂಡಿನಲ್ಲಿ ರಾಕೆಟ್ ತಯಾರಿಸಿದ ವಿಲಿಯಂ ಕಾಂಗ್ರೀವ್ ಮೊದಲು ಕೋಲನ್ನು ಮಗ್ಗುಲಿಗೇ ಕಟ್ಟಿ, ಆಮೇಲೆ ಅದನ್ನು ನಡುಮಧ್ಯಕ್ಕೆ ತಂದದ್ದು ಈ ವಾಲುವಿಕೆ ತಗ್ಗಿಸಲು.

ಆದರೆ ಪಟವಾಗಲಿ ರಾಕೆಟ್ಟಾಗಲಿ ಗಾಳಿಯನ್ನು ಸೀಳಿಕೊಂಡು ನಿಲ್ಲುವಂಥವು. ನಿಂತಲ್ಲೇ ತೇಲುವ ಹೆಲಿಕಾಪ್ಟರಿನ ಬಾಲಕ್ಕೆ ಎದುರುಗಾಳಿಯೇ ಇಲ್ಲ. ಅಲ್ಲಿ ರಿಬ್ಬನ್ ಕಟ್ಟಿದರೆ ಅದು ಕೆಳಕ್ಕೆ ಜೋತುಬೀಳುತ್ತದೆ, ಇಲ್ಲವೇ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ತೂಕ ಕಟ್ಟಿದರೆ ಗಿರಕಿ ನಿಲ್ಲದೆ, ಮೂತಿ ಮೇಲೆದ್ದು ಹೆಲಿಕಾಪ್ಟರ್ ಹಿಂದಕ್ಕೆ ಜಾರುತ್ತದೆ. ಒಂದು ದೋಷದ ಜೊತೆ ಇನ್ನೊಂದು ಸೇರಿದಂತಾಯಿತು.

ಹೇಳಿಕೆ 2: ಅಯಸ್ಕಾಂತ ಅಂಟಿಸಿದರೆ ದಿಕ್ಕು ಹಿಡಿಯುತ್ತದೆ

ವಾಸ್ತವ: ಇಲ್ಲ. ಮಾದರಿ ಹೆಲಿಕಾಪ್ಟರಿನ ದಿಕ್ಕು ಕಾಯುವುದು ಗೈರೋ ಎಂಬ ಸಣ್ಣ ಚಿಪ್. ನಿಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡ ಆಗುತ್ತದಲ್ಲ, ಅದರ ಹಿಂದಿರುವುದೂ ಇದೇ ಬಳಗದ ಚಲನೆ ಅಳೆಯುವ ಚಿಪ್. ಗೈರೋ ಅಳೆಯುವುದು ಎಷ್ಟು ವೇಗವಾಗಿ ತಿರುಗುತ್ತಿದ್ದೇವೆ ಎಂಬುದನ್ನು. ಉತ್ತರ ಯಾವುದು, ದಕ್ಷಿಣ ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಅಯಸ್ಕಾಂತದಿಂದ ಅದಕ್ಕೆ ಸಹಾಯವಿಲ್ಲ. ಮೋಟಾರ್ ಪಕ್ಕ ಅಂಟಿಸಿದರೆ ಮಣ್ಣಿನಲ್ಲಿನ ಕಬ್ಬಿಣದ ಪುಡಿಯನ್ನು ಎಳೆದು ಮೋಟಾರಿಗೆ ತುಂಬುತ್ತದೆ.

ಹೇಳಿಕೆ 3: ಭೂಮಿ ತಿರುಗುವುದರಿಂದ ಹೆಲಿಕಾಪ್ಟರೂ ತಿರುಗುತ್ತದೆ

ವಾಸ್ತವ: ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಭೂಮಿ 24 ಗಂಟೆಗೆ 360 ಡಿಗ್ರಿ, ಅಂದರೆ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಮಂಡ್ಯ ಸೀಮೆ ಸಮಭಾಜಕಕ್ಕೆ ಹತ್ತಿರ, ಸುಮಾರು 12.5 ಡಿಗ್ರಿ ಉತ್ತರದಲ್ಲಿರುವುದರಿಂದ ನೆಲದ ಮೇಲೆ ಬುಗುರಿಯಂತೆ ತಿರುಗುವ ಪಾಲು ಗಂಟೆಗೆ ಸುಮಾರು 3 ಡಿಗ್ರಿ ಮಾತ್ರ. ನಿಮ್ಮ ಹೆಲಿಕಾಪ್ಟರ್ ಐದು ನಿಮಿಷ ಹಾರಿದರೆ ಕಾಲು ಡಿಗ್ರಿ. ಅದು ಕಣ್ಣಿಗೇ ಬೀಳುವುದಿಲ್ಲ.

ಇದೇ ಜಾತಿಯ ಇನ್ನೊಂದು ಪ್ರಶ್ನೆಯೂ ಆಗಾಗ ಕೇಳಿಬರುತ್ತದೆ: ಹೆಲಿಕಾಪ್ಟರ್ ಹತ್ತಿ ಆಕಾಶದಲ್ಲಿ ನಿಂತುಬಿಟ್ಟರೆ ಭೂಮಿ ಕೆಳಗೆ ತಿರುಗಿ ನಾವು ದುಬೈ ಮೇಲೆ ಇಳಿಯಬಹುದಲ್ಲವೇ? ಇಲ್ಲ. ಗಾಳಿಯೂ ಭೂಮಿಯ ಜೊತೆಗೇ ಸುತ್ತುತ್ತಿದೆ. ಹಾಗೆ ಸುತ್ತದಿದ್ದರೆ ನಾವು ನಿಂತ ನೆಲದಲ್ಲೇ ಗಂಟೆಗೆ 1,600 ಕಿ.ಮೀ. ವೇಗದ ಬಿರುಗಾಳಿ ಬೀಸಬೇಕಿತ್ತು.

ಹೇಳಿಕೆ 4: ಗಿರಕಿ ಹೊಡೆದರೆ ಹಿಂದಿನ ಮೋಟಾರ್ ಕೆಟ್ಟಿದೆ ಎಂದೇ ಅರ್ಥ

ವಾಸ್ತವ: ಅರ್ಧ ಸತ್ಯ. ಹೆಚ್ಚು ದುಡ್ಡು ಹಾಳಾಗುವುದೂ ಇಲ್ಲೇ. ಮೊದಲು ನಿಮ್ಮ ಹತ್ತಿರ ಇರುವುದು ಯಾವ ಜಾತಿಯದು ಎಂದು ನೋಡಿ.

ಅಗ್ಗದ ಒಳಾಂಗಣ ಆಟಿಕೆಗಳಲ್ಲಿ ಮೇಲೆ ಎರಡು ರೆಕ್ಕೆಗಳು ಒಂದರ ಮೇಲೊಂದು ಇರುತ್ತವೆ. ಹಿಂದಿನ ಪುಟ್ಟ ಫ್ಯಾನು ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಆ ಫ್ಯಾನಿನ ಕೆಲಸ ಬಾಲವನ್ನು ಮೇಲೆ ಕೆಳಗೆ ಮಾಡುವುದು. ಬಾಲ ಎದ್ದರೆ ಹೆಲಿಕಾಪ್ಟರ್ ಮುಂದಕ್ಕೆ ಹೋಗುತ್ತದೆ, ಇಳಿದರೆ ಹಿಂದಕ್ಕೆ ಬರುತ್ತದೆ. ಎಡ ಬಲ ತಿರುಗಿಸುವುದು ಮೇಲಿನ ಎರಡು ರೆಕ್ಕೆಗಳ ವೇಗದ ವ್ಯತ್ಯಾಸ. ಹಾಗಾಗಿ ಇಂಥ ಆಟಿಕೆ ಗಿರಕಿ ಹೊಡೆದರೆ ಹಿಂದಿನ ಮೋಟಾರ್ ಬದಲಿಸಿ ಏನೂ ಪ್ರಯೋಜನವಿಲ್ಲ. ದೋಷ ಇರುವುದು ಮೇಲಿನ ಎರಡು ರೆಕ್ಕೆ, ಅವುಗಳ ಗೇರ್ ಅಥವಾ ಅವುಗಳನ್ನು ತಿರುಗಿಸುವ ಎರಡು ಮೋಟಾರ್‌ಗಳಲ್ಲಿ.

ಮೇಲೆ ಒಂದೇ ಸಾಲಿನ ರೆಕ್ಕೆ ಇದ್ದು, ಹಿಂದಿನ ಫ್ಯಾನು ಗೋಡೆಯ ಫ್ಯಾನಿನಂತೆ ಮಗ್ಗುಲಿಗೆ ಮುಖ ಮಾಡಿದ್ದರೆ ಮಾತ್ರ ಅದು ಗಿರಕಿ ತಡೆಯುವ ಫ್ಯಾನು. ಅಲ್ಲಿ ಹಿಂದಿನ ಮೋಟಾರ್ ಅಥವಾ ಬೆಲ್ಟ್ ಮೇಲೆ ಅನುಮಾನ ಪಡುವುದು ನ್ಯಾಯ.

ಯಾವ ಕಡೆಗೆ ತಿರುಗುತ್ತಿದೆ? ಮೊದಲು ಕೇಳಬೇಕಾದ ಪ್ರಶ್ನೆ

ಒಂದೇ ರೆಕ್ಕೆಯ ಮಾದರಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮೇಲಿನ ರೆಕ್ಕೆ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೈ ತಿರುಗುತ್ತಿದ್ದರೆ, ಬಾಲದ ಫ್ಯಾನಿನ ಬಲ ಸಾಲುತ್ತಿಲ್ಲ ಎಂದರ್ಥ. ಸವೆದ ಬಾಲದ ಮೋಟಾರ್, ಸಡಿಲವಾದ ಬೆಲ್ಟ್, ಹಲ್ಲು ಉದುರಿದ ಗೇರ್, ತುದಿ ಮುರಿದ ಅಥವಾ ಉಲ್ಟಾ ಹಾಕಿದ ಫ್ಯಾನು, ಇಳಿದುಹೋದ ಬ್ಯಾಟರಿ ಇವುಗಳಲ್ಲಿ ಒಂದು ಕಾರಣ ಇರುತ್ತದೆ.

ಮೇಲಿನ ರೆಕ್ಕೆ ತಿರುಗುವ ಕಡೆಗೇ ಮೈಯೂ ತಿರುಗುತ್ತಿದ್ದರೆ, ಬಾಲದ ಫ್ಯಾನು ಬೇಕಾದ್ದಕ್ಕಿಂತ ಹೆಚ್ಚು ತಳ್ಳುತ್ತಿದೆ. ಅಂದರೆ ಫ್ಯಾನಿಗೆ ಶಕ್ತಿ ಇದೆ, ಅದಕ್ಕೆ ಬರುತ್ತಿರುವ ಆದೇಶ ತಪ್ಪಾಗಿದೆ. ರಿಮೋಟಿನ ಟ್ರಿಮ್ ಸರಿದಿರಬಹುದು, ಗೈರೋ ತಪ್ಪು ಲೆಕ್ಕ ಕೊಡುತ್ತಿರಬಹುದು. ಇಲ್ಲಿ ಮೋಟಾರ್ ಬದಲಿಸುವುದು ವ್ಯರ್ಥ.

ಇನ್ನೊಂದು ವಿಷಯ. ಮೈ ತಿರುಗದೆ ಇಡೀ ಹೆಲಿಕಾಪ್ಟರ್ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದ್ದರೆ ಅದು ಬೇರೆಯೇ ಸಂಗತಿ, ದೋಷವೇ ಇಲ್ಲದಿರಬಹುದು. ಬಾಲದ ಫ್ಯಾನು ಅಡ್ಡ ತಳ್ಳುವುದರಿಂದ ಹೆಲಿಕಾಪ್ಟರ್ ಆ ಕಡೆಗೆ ಸ್ವಲ್ಪ ಜಾರುತ್ತದೆ. ಗಡಿಯಾರದ ದಿಕ್ಕಿನ ರೆಕ್ಕೆಯಿದ್ದರೆ ಎಡಕ್ಕೆ. ಅದನ್ನು ತಡೆಯಲು ಹಾರಿಸುವವರು ಬಲಕ್ಕೆ ತುಸು ವಾಲಿಸಿ ಹಿಡಿಯುತ್ತಾರೆ. ನಿಜವಾದ ಹೆಲಿಕಾಪ್ಟರ್‌ಗಳೂ ನಿಂತು ತೇಲುವಾಗ ಒಂದು ಮಗ್ಗುಲಿಗೆ ಕೊಂಚ ವಾಲಿರುವುದನ್ನು ಗಮನಿಸಬಹುದು.

ಮನೆಯಲ್ಲೇ ಪರೀಕ್ಷಿಸುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

1. ಬ್ಯಾಟರಿ ಪೂರ್ತಿ ತುಂಬಿಸಿ. ಕೊನೆಯ ಎರಡು ನಿಮಿಷ ಮಾತ್ರ ಗಿರಕಿ ಬರುತ್ತಿದ್ದರೆ ಬ್ಯಾಟರಿಯೇ ಕಾರಣ ಇರಬಹುದು.

2. ಗಾಳಿಯಿಲ್ಲದ ಕಡೆ ಪರೀಕ್ಷಿಸಿ. ಆಷಾಢದಲ್ಲಿ ಬಯಲಿನಲ್ಲಿ ನಿಂತು ದೋಷ ಹುಡುಕಬೇಡಿ. ಬಾಲದ ಮೇಲೆ ಬೀಸುವ ಗಾಳಿ, ಗಾಳಿಕೋಳಿಯನ್ನು ತಿರುಗಿಸಿದಂತೆ ಹೆಲಿಕಾಪ್ಟರನ್ನೂ ತಿರುಗಿಸುತ್ತದೆ.

3. ಸ್ವಿಚ್ ಹಾಕಿದ ಮೇಲೆ ಅಲುಗಿಸಬೇಡಿ. ಸಮತಟ್ಟಾದ ನೆಲದ ಮೇಲಿಟ್ಟು ಹತ್ತು ಸೆಕೆಂಡ್ ಬಿಡಿ. ಆ ಹೊತ್ತಿನಲ್ಲಿ ಗೈರೋ 'ಅಲುಗಾಟ ಇಲ್ಲ ಎಂದರೆ ಹೀಗೆ' ಎಂದು ತನ್ನ ಸೊನ್ನೆಯನ್ನು ಗುರುತು ಹಾಕಿಕೊಳ್ಳುತ್ತದೆ. ಕೈಯಲ್ಲಿ ಹಿಡಿದೇ ಸ್ವಿಚ್ ಹಾಕಿದರೆ ತಪ್ಪು ಸೊನ್ನೆ ಹಿಡಿದು, ಹಾರಿದಷ್ಟು ಹೊತ್ತೂ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ದುಡ್ಡು ಖರ್ಚಿಲ್ಲದೆ ಸರಿಹೋಗುವ ದೋಷ ಇದು.

4. ಬಿಸಿಲಿಗೆ ಹೊಂದಿಕೊಳ್ಳಲು ಬಿಡಿ. ತಂಪಾದ ಕೋಣೆಯಿಂದ ಏಪ್ರಿಲ್ ಬಿಸಿಲಿಗೆ ತಂದ ಕೂಡಲೇ ಹಾರಿಸಿದರೆ, ಶಾಖ ಬದಲಾದಂತೆ ಗೈರೋದ ಸೊನ್ನೆಯೂ ಸರಿಯುತ್ತದೆ. ನೆರಳಿನಲ್ಲಿ ಕೆಲವು ನಿಮಿಷ ಇಟ್ಟು ಆಮೇಲೆ ಸ್ವಿಚ್ ಹಾಕಿ.

5. ಟ್ರಿಮ್ ನೋಡಿ. ಅಗ್ಗದ ಆಟಿಕೆಯಲ್ಲಿ ಟ್ರಿಮ್ ಗುಂಡಿ ಒಂದೊಂದೇ ಹೆಜ್ಜೆ ಒತ್ತಿ ಗಿರಕಿ ನಿಲ್ಲಿಸಬಹುದು, ಅದು ಇರುವುದೇ ಅದಕ್ಕೆ. ಆದರೆ ದುಬಾರಿ ಮಾದರಿಗಳ ಗೈರೋದಲ್ಲಿ 'ಹೆಡಿಂಗ್ ಹೋಲ್ಡ್' ಎಂಬ ವ್ಯವಸ್ಥೆ ಇದ್ದರೆ ಟ್ರಿಮ್ ನಡುವಿನಲ್ಲೇ ಇರಬೇಕು. ಅಲ್ಲಿ ಟ್ರಿಮ್ ಒತ್ತುವುದನ್ನು ಗೈರೋ 'ತಿರುಗು' ಎಂಬ ಆದೇಶ ಎಂದೇ ತಿಳಿಯುತ್ತದೆ. ಗಿರಕಿ ನಿಲ್ಲಿಸಲು ಒತ್ತಿದ ಗುಂಡಿಯೇ ಗಿರಕಿಗೆ ಕಾರಣವಾಗುತ್ತದೆ.

6. ಕೂದಲು, ದಾರ ಹುಡುಕಿ. ರೆಕ್ಕೆಯ ಕಂಬಕ್ಕೂ ಬಾಲದ ಫ್ಯಾನಿಗೂ ನೆಲದ ಕೂದಲು, ದಾರ ಸುತ್ತಿಕೊಂಡಿರುವುದು ಬಹಳ ಸಾಮಾನ್ಯ. ಬ್ಯಾಟರಿ ಕಳಚಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿ ಹಿಡಿಯಬಾರದು, ಗೇರ್ ಜಾರಬಾರದು.

7. ಅದುರುವಿಕೆ ಗಮನಿಸಿ. ರೆಕ್ಕೆ ಸೀಳಿದ್ದರೆ, ಕಂಬ ಬಾಗಿದ್ದರೆ ಇಡೀ ಮೈ ಅದುರುತ್ತದೆ. ಆ ಅದುರುವಿಕೆಯನ್ನು ಗೈರೋ ತಿರುಗುವಿಕೆ ಎಂದು ತಪ್ಪು ತಿಳಿಯಬಹುದು. ಗೈರೋ ಅಂಟಿಸಿದ ಸ್ಪಾಂಜ್ ಟೇಪ್ ಬಿಟ್ಟಿದೆಯೇ ಎಂದೂ ನೋಡಿ.

8. ಬಾಲ ನಾಯಿಬಾಲದಂತೆ ಅತ್ತಿತ್ತ ಅಲ್ಲಾಡುತ್ತಿದ್ದರೆ ಅದು ಬೇರೆ ಲಕ್ಷಣ. ಗೈರೋದ ಸೂಕ್ಷ್ಮತೆ, ಅಂದರೆ ಗೇನ್, ಹೆಚ್ಚಾಗಿರುತ್ತದೆ ಅಥವಾ ಬಾಲದ ಕೀಲುಗಳು ಸಡಿಲವಾಗಿರುತ್ತವೆ.

9. ಮೇಲೇಳುವ ಕ್ಷಣದಲ್ಲೇ ಹುಚ್ಚು ವೇಗದಲ್ಲಿ ಸುತ್ತಿದರೆ ಗೈರೋ ಉಲ್ಟಾ ಕೆಲಸ ಮಾಡುತ್ತಿರಬಹುದು. ರಿಪೇರಿಯಾದ ಮೇಲೆ ಇದು ಕಾಣಿಸುವುದು ಹೆಚ್ಚು. ಸರ್ವೋ ಇರುವ ಮಾದರಿಯಲ್ಲಿ ಮುಖ್ಯ ಮೋಟಾರಿನ ತಂತಿ ಕಳಚಿ, ಮೂತಿಯನ್ನು ಕೈಯಿಂದ ಎಡಕ್ಕೆ ತಿರುಗಿಸಿ. ಸರ್ವೋ ಮೂತಿಯನ್ನು ಬಲಕ್ಕೆ ತರುವಂತೆ ಅಲುಗಬೇಕು. ಎಡಕ್ಕೇ ತಳ್ಳಿದರೆ ಗೈರೋದ ದಿಕ್ಕು ಬದಲಿಸಬೇಕು.

ಹೇಳಿಕೆ 5: ಹೆಚ್ಚು ವೋಲ್ಟೇಜಿನ ಬ್ಯಾಟರಿ ಹಾಕಿದರೆ ಬಾಲಕ್ಕೆ ಬಲ ಬರುತ್ತದೆ

ವಾಸ್ತವ: ಅಪಾಯಕಾರಿ ಸಲಹೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಬಾಲದ ಪುಟ್ಟ ಮೋಟಾರ್ ಜೊತೆಗೆ ಮೇಲಿನ ರೆಕ್ಕೆಯ ವೇಗವೂ ಹೆಚ್ಚುತ್ತದೆ, ತಿರುಚುವ ಬಲವೂ ಹೆಚ್ಚುತ್ತದೆ. ಸರ್ಕಿಟ್ ಸುಡುವುದಷ್ಟೇ ಲಾಭ.

ಈ ಆಟಿಕೆಗಳಲ್ಲಿರುವುದು ಸಾಮಾನ್ಯವಾಗಿ ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2. ಅದಕ್ಕಿಂತ ಮೇಲಕ್ಕೆ ತುಂಬಿಸಿದರೆ, ಚುಚ್ಚಿದರೆ, ಜಜ್ಜಿದರೆ ಬೆಂಕಿ ಹತ್ತಬಹುದು. ಬ್ಯಾಟರಿ ಹಪ್ಪಳದಂತೆ ಉಬ್ಬಿದ್ದರೆ ಅದರ ಆಯಸ್ಸು ಮುಗಿಯಿತು ಎಂದೇ ತಿಳಿಯಿರಿ. ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಡಿಯೋಗಳನ್ನು ನೋಡಿ ಮಾಡಲು ಹೋಗಬೇಡಿ. ಹಾಸಿಗೆಯ ಮೇಲೆ, ಮಲಗುವ ಮುನ್ನ, ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ. ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ, ಒಲೆಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ದೊಡ್ಡ ಮಾದರಿಗಳು ಆಟಿಕೆಯೇ ಅಲ್ಲ. 700 ಮಿ.ಮೀ. ಉದ್ದದ ರೆಕ್ಕೆ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 500 ಕಿ.ಮೀ. ದಾಟುತ್ತದೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಯುವಕನೊಬ್ಬ ತಾನು ಹಾರಿಸುತ್ತಿದ್ದ ಮಾದರಿ ಹೆಲಿಕಾಪ್ಟರಿನ ರೆಕ್ಕೆ ಬಡಿದೇ ಮೃತಪಟ್ಟ. ಬಾಲದ ದೋಷ ಇರುವ ಹೆಲಿಕಾಪ್ಟರ್ ಯಾವ ಕಡೆ ನುಗ್ಗುತ್ತದೆ ಎಂದು ಹೇಳಲಾಗದು. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಬೇಡ.

ಬಾಲ ಕೈಕೊಟ್ಟರೆ ನಿಜವಾದ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆಯೇ?

ಎರಡು ಬೇರೆ ಬೇರೆ ತೊಂದರೆಗಳನ್ನು ಫಾರ್ವರ್ಡ್‌ಗಳು ಒಂದೇ ಮಾಡಿಬಿಡುತ್ತವೆ. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳಲೇಬೇಕೆಂದಿಲ್ಲ. ಕೆಳಗಿನಿಂದ ಮೇಲಕ್ಕೆ ಬರುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತಿರುತ್ತದೆ, ಪೈಲಟ್ ಆ ವೇಗ ಬಳಸಿ ಇಳಿಸುತ್ತಾರೆ. ಇದಕ್ಕೆ ಆಟೊರೊಟೇಶನ್ ಎಂದು ಹೆಸರು, ಪೈಲಟ್‌ಗಳಿಗೆ ಇದರ ತರಬೇತಿ ಕೊಡುತ್ತಾರೆ.

ಬಾಲದ ಹಿಡಿತ ತಪ್ಪುವುದು ಮಾತ್ರ, ಅದರಲ್ಲೂ ನೆಲದ ಹತ್ತಿರ ನಿಧಾನವಾಗಿ ಹಾರುವಾಗ, ನಿಜಕ್ಕೂ ಗಂಭೀರ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಮೈದಾನದಿಂದ ಎದ್ದ ಹೆಲಿಕಾಪ್ಟರ್ ಗಿರಕಿ ಹೊಡೆದು ಬಿದ್ದು, ಕ್ಲಬ್ಬಿನ ಮಾಲೀಕರೂ ಸೇರಿ ಐವರು ಸತ್ತರು. ಬಾಲದ ಫ್ಯಾನನ್ನು ನಿಯಂತ್ರಿಸುವ ಭಾಗದಲ್ಲಿ ಒಂದು ಬೇರಿಂಗ್ ಬಿಗಿದುಕೊಂಡು ನಿಯಂತ್ರಣವೇ ಕಡಿದುಹೋಗಿತ್ತು ಎಂದು ತನಿಖೆ ತಿಳಿಸಿತು.

ಇನ್ನು, ರೆಕ್ಕೆ ತಿರುಗದೆಯೇ ಹೆಲಿಕಾಪ್ಟರ್ ಹಾರುತ್ತಿದೆ ಎಂಬ ವಿಡಿಯೋಗಳು. ಅವು ಪವಾಡವೂ ಅಲ್ಲ, ಎಡಿಟಿಂಗೂ ಆಗಬೇಕಿಲ್ಲ. ಐದು ರೆಕ್ಕೆಗಳು ಸೆಕೆಂಡಿಗೆ 5 ಸುತ್ತು ತಿರುಗುತ್ತಿವೆ, ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತಿದೆ ಎನ್ನಿ. ಪ್ರತಿ ಚಿತ್ರಕ್ಕೂ ಒಂದು ರೆಕ್ಕೆ ಹೋದ ಜಾಗಕ್ಕೆ ಸರಿಯಾಗಿ ಮುಂದಿನ ರೆಕ್ಕೆ ಬಂದು ನಿಂತಿರುತ್ತದೆ. ನೋಡುವವರಿಗೆ ರೆಕ್ಕೆ ನಿಂತಂತೆ ಕಾಣುತ್ತದೆ.

ಗದ್ದೆಯ ಡ್ರೋನಿಗೂ ಇದಕ್ಕೂ ಏನು ಸಂಬಂಧ?

2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ ದೇಶದ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ ಹೊಂದಿತ್ತು. ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಕಬ್ಬು, ಭತ್ತದ ಸೀಮೆಯಲ್ಲಿ ಆಳು ಸಿಗದ ಕಾಲಕ್ಕೆ ಇದು ಆಕರ್ಷಕವೇ.

ಹೆಲಿಕಾಪ್ಟರ್ ಆಟಿಕೆಗೆ ಇಲ್ಲದ ಒಂದು ಅಂಗ ಈ ಡ್ರೋನ್‌ಗಳಿಗೆ ಇರುತ್ತದೆ, ಅದು ದಿಕ್ಸೂಚಿ. ಇಲ್ಲಿ ಅಯಸ್ಕಾಂತದ ಮಾತು ನಿಜವಾಗುತ್ತದೆ, ಆದರೆ ಉಲ್ಟಾ ಅರ್ಥದಲ್ಲಿ. ಟ್ರ್ಯಾಕ್ಟರ್, ಬೋರ್‌ವೆಲ್ಲಿನ ಕಬ್ಬಿಣದ ಪೈಪು, ಕಂಬಿ ತುಂಬಿದ ಕಾಂಕ್ರೀಟ್ ಕಟ್ಟೆಯ ಪಕ್ಕ ಇಟ್ಟು ದಿಕ್ಸೂಚಿ ಹೊಂದಿಸಿದರೆ ಅದು ತಪ್ಪು ಉತ್ತರ ಹಿಡಿಯುತ್ತದೆ. ಆಮೇಲೆ ಡ್ರೋನ್ ಒಂದೇ ಜಾಗದಲ್ಲಿ ನಿಲ್ಲದೆ, ಅಗಲವಾಗುತ್ತಾ ಹೋಗುವ ಸುತ್ತು ಹಾಕಬಹುದು. ಹಾಗಾಗಿ ಬಯಲಿನ ನಡುವೆ, ಕಬ್ಬಿಣದಿಂದ ದೂರ ನಿಂತು ಹೊಂದಿಸುವುದು ಕ್ರಮ.

ಡ್ರೋನ್ ನೆಟ್ಟಗೆ ನಿಂತರೂ ಔಷಧಿ ನಿಲ್ಲುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮಂಡ್ಯ ಜಿಲ್ಲೆ ರೇಷ್ಮೆ ಸೀಮೆಯೂ ಹೌದು. ಒಬ್ಬರ ಗದ್ದೆಗೆ ಹೊಡೆದ ಕೀಟನಾಶಕದ ಹನಿ ಗಾಳಿಗೆ ತೇಲಿ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ಸಾಯುತ್ತವೆ. ರೇಷ್ಮೆ ಹುಳುವೂ ಒಂದು ಕೀಟವೇ ಅಲ್ಲವೇ? ಗಾಳಿ ಏಳುವ ಮುನ್ನ ಬೆಳಗಿನ ಹೊತ್ತು ಹೊಡೆಯುವುದು, ಅಕ್ಕಪಕ್ಕದ ತೋಟದವರಿಗೆ ಮೊದಲೇ ತಿಳಿಸುವುದು ನೆರೆಹೊರೆಯ ಧರ್ಮ.

ಎಲ್ಲಿ ಹಾರಿಸಬಹುದು ಎಂಬುದಕ್ಕೂ ಕಾನೂನಿದೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ಹಂಚಿವೆ. ಕೆಂಪು ಮತ್ತು ಹಳದಿಯಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹೊರಾಂಗಣದಲ್ಲಿ ಹಾರಿಸುವ ಮುನ್ನ ಸರ್ಕಾರದ ವಲಯ ನಕ್ಷೆ ನೋಡಿ. ಕೆಆರ್‌ಎಸ್ ಅಣೆಕಟ್ಟೆಯ ಬಳಿ ರೀಲ್ಸ್ ಮಾಡುವ ಆಸೆ ಬೇಡ. ರಂಗನತಿಟ್ಟಿನ ಗೂಡುಗಳ ಮೇಲೆ, ಆದಿಚುಂಚನಗಿರಿಯ ನವಿಲುಗಳ ಮೇಲೆ ಹಾರಿಸಿದರೆ ಪಕ್ಷಿಗಳು ಬೆದರುತ್ತವೆ. ಅವೆರಡೂ ರಕ್ಷಿತ ಧಾಮಗಳು.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ?

ಹಾರುವ ಯಂತ್ರಗಳ ಬಗ್ಗೆ ನಮ್ಮ ಜಿಲ್ಲೆಯೇ ಒಂದು ದೊಡ್ಡ ಪಾಠ ಕಲಿತಿದೆ. ಮಳವಳ್ಳಿ ತಾಲ್ಲೂಕಿನ, 'ಡ್ರೋನ್ ಪ್ರತಾಪ್' ಎಂದೇ ಹೆಸರಾದ ಯುವಕ ಇ-ತ್ಯಾಜ್ಯದಿಂದ 600 ಡ್ರೋನ್ ಮಾಡಿದ್ದಾರೆ, ವಿದೇಶಗಳಲ್ಲಿ ಪದಕ ಗೆದ್ದಿದ್ದಾರೆ ಎಂಬ ಫಾರ್ವರ್ಡ್‌ಗಳು ಮನೆಮನೆ ಮುಟ್ಟಿದ್ದವು. 2020ರ ಜುಲೈನಲ್ಲಿ ಸತ್ಯಶೋಧನಾ ತಾಣಗಳು ಪರಿಶೀಲಿಸಿದಾಗ ಆ ಮುಖ್ಯ ಹೇಳಿಕೆಗಳಿಗೆ ಆಧಾರ ಸಿಗಲಿಲ್ಲ. ಇಲ್ಲಿ ಒಬ್ಬ ವ್ಯಕ್ತಿಯನ್ನು ಆಡಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಹಂಚಿಕೊಂಡ ಅಷ್ಟು ಜನರಲ್ಲಿ 'ಹಾರಿಸಿದ ವಿಡಿಯೋ ಎಲ್ಲಿ? ಮೋಟಾರ್ ಯಾವುದು? ದಿಕ್ಕು ಹಿಡಿಯುವುದು ಹೇಗೆ?' ಎಂದು ಕೇಳಿದವರು ಎಷ್ಟು ಮಂದಿ ಎಂಬುದು ಪ್ರಶ್ನೆ. ಹಳ್ಳಿಯ ಹುಡುಗನೊಬ್ಬ ಗೆಲ್ಲಲಿ ಎಂಬ ನಮ್ಮ ಆಸೆ ದೊಡ್ಡದು, ಅದು ಒಳ್ಳೆಯದೇ. ಆದರೆ ಆ ಆಸೆಯೇ ಪ್ರಶ್ನೆ ಕೇಳದಂತೆ ಬಾಯಿ ಕಟ್ಟಿಬಿಟ್ಟರೆ, ಕೊನೆಗೆ ನಷ್ಟ ನಿಜವಾಗಿ ದುಡಿಯುತ್ತಿರುವ ಹಳ್ಳಿ ಹುಡುಗರಿಗೇ. ನಾಳೆ ಅವರು ನಿಜ ಹೇಳಿದರೂ ಜನ ನಂಬುವುದಿಲ್ಲ.

ಗಿರಕಿ ಹೊಡೆಯುವ ಆಟಿಕೆ ಈ ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಒಳ್ಳೆಯ ಪಾಠಶಾಲೆ. ಎಸೆಯುವ ಮುನ್ನ ಮಕ್ಕಳ ಜೊತೆ ಕೂತು ಕೇಳಿ: ಮೇಲಿನ ರೆಕ್ಕೆ ಯಾವ ಕಡೆ ತಿರುಗುತ್ತಿದೆ? ಮೈ ಯಾವ ಕಡೆ ತಿರುಗುತ್ತಿದೆ? ಒಂದು ಬದಲಾವಣೆ ಮಾಡಿದರೆ ಏನಾಯಿತು? ಸರಿಹೋಗದಿದ್ದರೂ ನಷ್ಟವಿಲ್ಲ, ಕಾರಣ ಹುಡುಕುವ ಬಗೆ ಕೈಗೆ ಹತ್ತಿರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

- ಸಲಹೆ ಕೊಟ್ಟವರು ಯಾವ ಜಾತಿಯ ಹೆಲಿಕಾಪ್ಟರ್ ಎಂದು ಹೇಳಿದ್ದಾರೆಯೇ? ಹೇಳದಿದ್ದರೆ ಆ ಸಲಹೆ ಅರ್ಧ ಮಾತ್ರ.
- ಕಾರಣ ಹೇಳಿದ್ದಾರೆಯೇ, ಬರೀ ಉಪಾಯ ಹೇಳಿದ್ದಾರೆಯೇ?
- ಬ್ಯಾಟರಿ ಚುಚ್ಚುವ, ಕಾಯಿಸುವ, ವೋಲ್ಟೇಜ್ ಹೆಚ್ಚಿಸುವ ವಿಡಿಯೋ ಆಗಿದ್ದರೆ ಅಲ್ಲೇ ನಿಲ್ಲಿಸಿ. ಅದು ಯಾರ ಮನೆಯ ಮಗುವಿನ ಕೈ ಸೇರುತ್ತದೆ ಎಂಬುದು ನಿಮಗೆ ತಿಳಿಯದು.